ಕಣ್ಣು ಮುಚ್ಚಿ ಕೇಳುತ್ತಿದ್ದ ವಕೀಲರು

ಫೋನು ಬಂದಾಗ ನಾನು ಬಾಲ್ಕನಿಯ ಬಿಸಿಲಿನಲ್ಲಿ ಹಳೇ ಬೆಡ್‌ಶೀಟು ಹಾಸಿಕೊಂಡು ಬಟಾಣಿ ಬಿಡಿಸುತ್ತಾ ಕೂತಿದ್ದೆ. ದೆಹಲಿಯ ಜನವರಿಯಲ್ಲಿ ಹೆಂಗಸರಿಗೆ ಇದೊಂದು ವ್ರತದ ಹಾಗೆ. ಬಟಾಣಿ ಅಗ್ಗವಾಗುತ್ತಿದ್ದಂತೆ ಚೀಲಗಟ್ಟಲೆ ತಂದು, ಬಿಡಿಸಿ, ಒಂದು ಕುದಿ ಕುದಿಸಿ ಫ್ರೀಜರಿಗೆ ತುಂಬಿಟ್ಟುಬಿಟ್ಟರೆ ಬೇಸಿಗೆಯವರೆಗೆ ಯೋಚನೆಯಿಲ್ಲ. ವಾರದಿಂದ ಮಂಜು ಮುಸುಕಿತ್ತು. ಅವತ್ತು ಭಾನುವಾರ ದೇವರು ಸ್ವಲ್ಪ ಕಣ್ಣು ಬಿಟ್ಟಿದ್ದ. ಬಿಸಿಲು ಬಂತಲ್ಲ ಎಂದು ಅವನಿಗೆ ಮನಸ್ಸಿನಲ್ಲೇ ಕೈ ಮುಗಿದು ಕೂತಿದ್ದೆ.

ಒಳಗೆ ಫೋನು ಎತ್ತಿದವಳು ಪುಟ್ಟಿ, ನನ್ನ ತಂಗಿಯ ಮಗಳು. ಶನಿವಾರ ಭಾನುವಾರ ನಮ್ಮ ಮನೆಯಲ್ಲಿರುತ್ತಾಳೆ, ಉಳಿದ ದಿನ ಅವಳ ಅಪ್ಪನ ಮನೆಯಲ್ಲಿ.

"ದೊಡ್ಡಮ್ಮ, ಯಾರೋ ಆಂಟಿ. ನೋಯ್ಡಾದಿಂದ. ರೋ ರಹೀ ಹೈ," ಎಂದಳು.

ಅಳುತ್ತಿದ್ದದ್ದು ನಮ್ಮ ವಕೀಲರ ಹೆಂಡತಿ. ವಕೀಲರು ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ ಕೂತರಂತೆ. "ಅವರು ಯಾವಾಗಲೂ ಹಾಗೇ ಕೂರ್ತಿದ್ರಲ್ಲಮ್ಮ, ನಾನು ಏನೋ ಯೋಚನೆ ಮಾಡ್ತಿದಾರೆ ಅಂದ್ಕೊಂಡೆ," ಎಂದು ಆಕೆ ಮತ್ತೆ ಮತ್ತೆ ಅದನ್ನೇ ಹೇಳಿದರು. ನೋವಿಲ್ಲದ ಸಾವು. ಅದೂ ದೇವರ ದಯೆಯೇ ಎಂದು ನಾನು ಹೇಳಿದೆ. ಹೇಳಿದ ಮೇಲೆ ಆಕೆಗೆ ಅದು ದಯೆ ಅನ್ನಿಸುವುದಕ್ಕೆ ಇನ್ನೂ ಕಾಲ ಬೇಕು ಅನ್ನಿಸಿತು.

ಜನಕಪುರಿಯ ಈ ಫ್ಲ್ಯಾಟುಗಳಲ್ಲಿ ನಾವು ಮೊದಲ ಮಹಡಿ, ಅವರು ಕೆಳಗೆ. ಎರಡು ವರ್ಷದ ಹಿಂದೆ ಮೊಣಕಾಲು ನೋವು, ಕೋರ್ಟು ಸಾಕು ಎಂದು ಮಗಳ ಮನೆಯ ಹತ್ತಿರಕ್ಕೆ ಹೋದರು. ಅಲ್ಲಿಯವರೆಗೆ ನಮ್ಮ ಮನೆಯ ಒಗ್ಗರಣೆ ಅವರಿಗೆ, ಅವರ ಮನೆಯ ಜಗಳ ನಮಗೆ, ಎಲ್ಲ ಹಂಚಿಕೊಂಡೇ ಬದುಕಿದ್ದು.

ಅವರೇನು ದೊಡ್ಡ ಹೆಸರಿನ ವಕೀಲರಲ್ಲ. ನಮ್ಮ ಕನ್ನಡದವರ ಬಳಗದಲ್ಲಿ ಒಂದು ಮಾತೇ ಇತ್ತು: "ಒಳ್ಳೆ ವಕೀಲರು, ಗೆಲ್ಲಲ್ಲ ಅಷ್ಟೆ." ಅದು ಅವರ ಕಿವಿಗೂ ಬಿದ್ದಿತ್ತು. "ಅರ್ಧ ನಿಜ. ಯಾವ ಅರ್ಧ ಅಂತ ಹೇಳಲ್ಲ," ಎನ್ನುತ್ತಿದ್ದರು.

ಕಪ್ಪು ಕೋಟನ್ನು ಮೈಮೇಲೆ ಹಾಕಿಕೊಂಡು ಮನೆಯಿಂದ ಹೊರಟಿದ್ದನ್ನು ನಾನು ನೋಡೇ ಇಲ್ಲ. ತರಕಾರಿ ಚೀಲದಲ್ಲಿ ಮಡಿಸಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರು. ವಾಪಸ್ಸು ಬರುವಾಗ ಅದೇ ಚೀಲದಲ್ಲಿ ಕೋಟಿನ ಮೇಲೆ ಮೂಲಂಗಿ. ಅವರ ಹೆಂಡತಿ ಕೋಟಿಗೆ ಮೂಲಂಗಿ ವಾಸನೆ ಎಂದು ಬೈದರೆ, "ಎದುರು ಪಾರ್ಟಿ ವಕೀಲರು ಹತ್ತಿರ ಬರಲ್ಲ, ಒಳ್ಳೇದೇ," ಎಂದು ನಗುತ್ತಿದ್ದರು.

ಮೆಟ್ಟಿಲ ಮೇಲೆ ಯಾರಾದರೂ ನಿಲ್ಲಿಸಿ ಕಾನೂನು ಕೇಳಿದರೆ ಸಿಟ್ಟು. "ಮನೆಗೆ ಬನ್ನಿ, ಕೂತು ಮಾತಾಡೋಣ. ನಿಂತ್ಕೊಂಡು ಹೇಳೋ ಕಾನೂನು ನಿಂತ್ಕೊಂಡೇ ಮರ್ತು ಹೋಗುತ್ತೆ." ಕೂತರೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚುವುದು. ಗೊತ್ತಿಲ್ಲದವರು ನಿದ್ದೆ ಎಂದೇ ತಿಳಿಯಬೇಕು. ಗಣೇಶೋತ್ಸವದಲ್ಲಿ ನಮ್ಮ ಹೆಂಗಸರೆಲ್ಲ ಭಜನೆ ಹೇಳುವಾಗ ಮುಂದಿನ ಸಾಲಿನಲ್ಲಿ ಹಾಗೇ ಕೂತಿದ್ದರು. ನನಗೆ ಅವಮಾನವೇ ಆಯಿತು. ಮುಗಿದ ಮೇಲೆ ಬಂದು, "ಮೂರನೇ ಭಜನೇಲಿ ತಾಳ ಹಾಕ್ತಿದ್ದವರು ಮನೆ ಗ್ಯಾಸ್ ಆರಿಸಿ ಬಂದಿಲ್ವೇನೋ, ಬಹಳ ಅವಸರ," ಎಂದರು. ತಾಳ ಹಾಕುತ್ತಿದ್ದವಳು ನಾನೇ.

ದೇವರು ದಿಂಡರ ವಿಷಯದಲ್ಲಿ ಅವರು ಅಷ್ಟಕ್ಕಷ್ಟೇ. ಜನಿವಾರ ಇತ್ತೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ನಮ್ಮಲ್ಲಿ ಸತ್ಯನಾರಾಯಣ ಪೂಜೆ ಎಂದರೆ ಸರಿಯಾಗಿ ಮಂಗಳಾರತಿ ಹೊತ್ತಿಗೆ ಮೆಟ್ಟಿಲು ಹತ್ತುವರು. "ಪೂಜೆ ನಿಮ್ದು, ಪ್ರಸಾದ ನಂದು." ನಾನು ಬೇಜಾರು ಮಾಡಿಕೊಳ್ಳುತ್ತಿದ್ದೆ. ಈಗ ಅನ್ನಿಸುತ್ತದೆ, ನಾನು ದಿನಕ್ಕೆರಡು ಹೊತ್ತು ದೀಪದ ಮುಂದೆ ಕೂತು ಕಲಿಯಬೇಕಾದದ್ದನ್ನು ಅವರು ತರಕಾರಿ ಗಾಡಿಯ ಮುಂದೆಯೇ ಮಾಡುತ್ತಿದ್ದರು. ಗಾಡಿಯ ಭಯ್ಯಾ ತೊಂಡೆಕಾಯಿಯ ಹಾಗಿರುವ ಪರವಲ್‌ಗೆ ಹಸಿರು ಬಣ್ಣ ಹಚ್ಚಿ ತರುತ್ತಿದ್ದ. ನಾವು ಹೆಂಗಸರು ಬೈದು, ಚೌಕಾಸಿ ಮಾಡಿ, ಅದನ್ನೇ ಕೊಳ್ಳುತ್ತಿದ್ದೆವು. ವಕೀಲರು ಒಂದು ಕಾಯಿ ಎತ್ತಿ ಹೆಬ್ಬೆರಳಿನಿಂದ ಉಜ್ಜಿ, ಹಸಿರಾದ ಬೆರಳನ್ನು ಅವನ ಮುಂದೆ ಹಿಡಿದು, ಹಿಂದಿಯಲ್ಲಿ ಹೇಳುವರು: "ಭಯ್ಯಾ, ಮೊನ್ನೆಯದು ಅಂತ ಹೇಳು, ತಗೋತೀನಿ. ಇವತ್ತಿನದು ಅಂತ ಮಾತ್ರ ಹೇಳಬೇಡ." ಅವನು ನಾಚಿಕೊಂಡು, "ಪರಸೋಂ ಕಾ ಹೈ, ಸಾಬ್," ಎಂದರೆ ಮಾತಿಗೆ ತಕ್ಕ ಹಾಗೆ ಕೊಂಡೇ ಕೊಳ್ಳುವರು. ಹೆಂಡತಿಯ ಹತ್ತಿರ ಬೈಸಿಕೊಳ್ಳುವರು.

ನಮ್ಮ ಮನೆಗೆ ಅವರ ವಕೀಲಿಕೆ ಬೇಕಾದದ್ದು ತಂಗಿಯ ವಿಷಯಕ್ಕೆ. ಅವಳ ಗಂಡನಿಗೆ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ಕೆಟ್ಟವನಲ್ಲ, ಹಟಮಾರಿ. ನನ್ನ ತಂಗಿಯೂ ಕೆಟ್ಟವಳಲ್ಲ, ಅವಳೂ ಹಟಮಾರಿ. ಒಂದು ದಿನ ಮಾತಿಗೆ ಮಾತು ಬೆಳೆದು ಇವಳು ಚಪ್ಪಲಿ ಮೆಟ್ಟಿಕೊಂಡು ನಮ್ಮ ಮನೆಗೆ ಬಂದುಬಿಟ್ಟಳು. ಪುಟ್ಟಿಗೆ ಆಗ ಆರು ವರ್ಷ, ಶಾಲೆಯಲ್ಲಿದ್ದಳು. ಸಂಜೆ ಕರೆದುಕೊಂಡು ಬರಲು ಹೋದರೆ ಅತ್ತೆ ಬಾಗಿಲು ತೆರೆಯಲಿಲ್ಲ. ಅಲ್ಲಿಂದ ಕೋರ್ಟು. ಮಗು ಯಾರ ಹತ್ತಿರ ಇರಬೇಕು, ಅದೊಂದೇ ಪ್ರಶ್ನೆ. ಅಲ್ಲಿಯವರೆಗೆ ಗಂಡ ಮನಸ್ಸು ಬಂದ ಭಾನುವಾರ ಒಂದು ಗಳಿಗೆ ಕಳಿಸುತ್ತಿದ್ದ, ಅಷ್ಟೆ. ನನ್ನ ತಂಗಿ ಊಟ ಬಿಟ್ಟು ಒಣಗಿದ್ದಳು. ದಿನಾ ದೀಪ ಹಚ್ಚುವ ಹೊತ್ತಿಗೆ ಆ ಮನೆಗೆ ಫೋನು ಮಾಡುವಳು. ಗಂಡ ಎತ್ತಿಕೊಳ್ಳುವನು, ಜಗಳವಾಗುವುದು, ಇಡುವನು. ಆದರೂ ಮಾಡುವಳು. ಯಾಕೆಂದರೆ ಆ ಹೊತ್ತಿಗೆ ಪುಟ್ಟಿ ಅಜ್ಜಿಯ ಮುಂದೆ ಕೂತು ಬಾಯಿಪಾಠ ಒಪ್ಪಿಸುತ್ತಿರುತ್ತಾಳೆ. ವಾರ, ತಿಂಗಳು, ಋತು, ನಕ್ಷತ್ರ. ಗಂಡನ ಬೈಗುಳದ ಹಿಂದೆ ಮಗುವಿನ ದನಿ ಕೇಳುತ್ತದಲ್ಲ, ಅದಕ್ಕಾಗಿ.

ವಕೀಲರು ಕೇಸು ತಗೊಂಡರು. ಮೊದಲ ಸಲ ಕೋರ್ಟಿಗೆ ಹೋಗುವ ದಿನ ಬೆಳಿಗ್ಗೆ ನನ್ನ ತಂಗಿ ಕೆಳಗೆ ಓಡಿಹೋಗಿ, "ಅವರು ಫೋನಿನಲ್ಲಿ ಮಗುನ ಊರಿಗೆ ಕರ್ಕೊಂಡು ಹೋಗ್ತೀನಿ, ಇನ್ನು ಕಳಿಸಲ್ಲ ಅಂದಿದಾರೆ. ರೆಕಾರ್ಡ್ ಮಾಡಿದೀವಿ," ಎಂದಳು. ಊರು ಎಂದರೆ ಕುಂದಾಪುರದ ಕಡೆ. ಅಲ್ಲಿಗೆ ಹೋದ ಮಗು ದೆಹಲಿ ಕೋರ್ಟಿನ ಕೈಗೆ ಸುಲಭಕ್ಕೆ ಸಿಗುತ್ತದೆಯೇ? ಹೊರಡುವ ಅವಸರ. ವಕೀಲರು ಆ ರೆಕಾರ್ಡಿಂಗ್ ಕೇಳದೆಯೇ ಹೋಗಿ, ನಮ್ಮ ಹತ್ತಿರ ಇಂಥ ಧ್ವನಿಮುದ್ರಣ ಇದೆ, ಮುಂದಿನ ಸಲ ತರುತ್ತೇವೆ ಎಂದು ಜಡ್ಜ್ ಮುಂದೆ ಹೇಳಿಬಿಟ್ಟರು. ಜಡ್ಜ್ ಮುಖ ಗಂಭೀರವಾಯಿತು, ಬರೆದುಕೊಂಡರು. ತಂಗಿ ಅವತ್ತು ರಾತ್ರಿ ಬಹಳ ದಿನದ ಮೇಲೆ ಎರಡು ಚಪಾತಿ ತಿಂದಳು.

ಮುಂದಿನ ಭಾನುವಾರ ಸಿ.ಡಿ. ಕೇಳುವುದಕ್ಕೆ ವಕೀಲರು ಮೇಲೆ ನಮ್ಮ ಮನೆಗೆ ಬಂದರು. ಅದನ್ನು ತಯಾರು ಮಾಡಿದವನು ನನ್ನ ಮೈದುನ. ದೆಹಲಿಯಲ್ಲೇ ಹುಟ್ಟಿ ಬೆಳೆದವನು, ಮದುವೆ ವಿಡಿಯೋಗಳಿಗೆ ಹಾಡು ಸೇರಿಸಿ ಮಿಕ್ಸಿಂಗ್ ಮಾಡುವ ಅಂಗಡಿ. ಸ್ಪೀಕರ್ ಫೋನಿನ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಕ್ಯಾಸೆಟ್ ಮಾಡಿದ್ದು ತಂಗಿ, ಅದನ್ನು ಕಂಪ್ಯೂಟರಿಗೆ ಹಾಕಿ "ಕ್ಲೀನ್" ಮಾಡಿ ಸಿ.ಡಿ. ಮಾಡಿಕೊಟ್ಟವನು ಇವನು.

ವಕೀಲರು ಕನ್ನಡಕ ತೆಗೆದರು, ಕಣ್ಣು ಮುಚ್ಚಿದರು.

ಗಂಡನ ದನಿ ಸ್ಪಷ್ಟವಾಗಿತ್ತು. "ಮಗುನ ಊರಿಗೆ ಕರ್ಕೊಂಡು ಹೋಗ್ತೀನಿ. ಕಳಿಸಲ್ಲ. ಏನ್ ಮಾಡ್ಕೋತೀಯೋ ಮಾಡ್ಕೋ." ಹಿಂದೆ ದೂರದಲ್ಲಿ ಪುಟ್ಟಿಯ ರಾಗ. ನನಗೆ ಕಣ್ಣಲ್ಲಿ ನೀರು ಬಂತು.

"ಇನ್ನೊಂದ್ಸಲ," ಎಂದರು ವಕೀಲರು. ಕೇಳಿದರು. "ಇನ್ನೊಂದ್ಸಲ." ಆಮೇಲೆ ಕಣ್ಣು ಬಿಡದೆಯೇ ನನ್ನನ್ನು ಕೇಳಿದರು: "ಏನಮ್ಮ, ನಿಮಗೆ ಚಿಕ್ಕವರಿದ್ದಾಗ ನಕ್ಷತ್ರ ಬಾಯಿಪಾಠ ಮಾಡ್ಸಿದ್ರಾ?"

"ಮಾಡಿಸದೆ ಊಟ ಹಾಕ್ತಿದ್ರಾ?" ಎಂದೆ.

"ಜ್ಯೇಷ್ಠ ಆದ್ಮೇಲೆ ಏನು?"

"ಮೂಲ."

"ಮೂಲ. ಈಗ ಅವನ ಮಾತು ಬಿಡಿ, ಮಗು ಏನ್ ಹೇಳುತ್ತೆ ಅಷ್ಟೇ ಕೇಳಿ."

ಕೇಳಿದೆ. ಗಂಡ "ಊರಿಗೆ ಕರ್ಕೊಂಡು ಹೋಗ್ತೀನಿ" ಎನ್ನುವಾಗ ಪುಟ್ಟಿ "ಅನುರಾಧ, ಜ್ಯೇಷ್ಠ" ಎನ್ನುತ್ತಿದ್ದಳು. ಅವನು "ಕಳಿಸಲ್ಲ" ಎನ್ನುವ ಹೊತ್ತಿಗೆ ಅವಳು "ರೋಹಿಣಿ, ಮೃಗಶಿರಾ" ಎನ್ನುತ್ತಿದ್ದಳು. ಹದಿನೆಂಟನೆಯ ಜ್ಯೇಷ್ಠದಿಂದ ನಾಲ್ಕನೆಯ ರೋಹಿಣಿಗೆ ಯಾವ ಆಕಾಶದಲ್ಲಿ ಹೋಗುತ್ತಾರೆ? ಮೊದಲು ಆಡಿದ ಮಾತನ್ನು ಆಮೇಲೆ ಆಡಿದ ಮಾತಿನ ಹಿಂದೆ ಅಂಟಿಸಿದ್ದರು.

"ಮಗು ಅಲ್ವಾ ಅಂಕಲ್, ತಪ್ಪು ಹೇಳಿರಬಹುದು," ಎಂದ ಮೈದುನ.

ವಕೀಲರು ನನ್ನ ತಂಗಿಯ ಕಡೆ ತಿರುಗಿದರು. "ತಪ್ಪು ಹೇಳಿದ್ರೆ ನಿಮ್ಮತ್ತೆ ಸುಮ್ನಿರ್ತಾರೇನಮ್ಮ?"

ತಂಗಿ ತಲೆ ತಗ್ಗಿಸಿದಳು. ಆ ಅತ್ತೆ ಒಂದು ಹೆಸರು ತಪ್ಪಿದರೆ ಅಶ್ವಿನಿಯಿಂದ ಮತ್ತೆ ಶುರು ಮಾಡಿಸುವ ಹೆಂಗಸು. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಂಕಲ್, ಅದು ಬ್ಯಾಕ್‌ಗ್ರೌಂಡ್ ನಾಯ್ಸ್ ಅಂದ್ಕೊಂಡೆ ನಾನು," ಎಂದ ಮೈದುನ ಸಣ್ಣ ದನಿಯಲ್ಲಿ. "ತೆಗೆಯೋಕೆ ನೋಡ್ದೆ. ಹೋಗ್ಲಿಲ್ಲ."

"ಅಯ್ಯೋ ಹೀರೋ," ಎಂದರು ವಕೀಲರು. ಬೈಗುಳವೂ ಅಲ್ಲ, ಮುದ್ದೂ ಅಲ್ಲ. ಮೂಲ ಕ್ಯಾಸೆಟ್ ತರಿಸಿ ಕೇಳಿದರು. "ಈ ಭಾನುವಾರ ಕಳಿಸಲ್ಲ, ಅಪ್ಪನ ತಿಥಿ ಇದೆ," ಎಂದಿದ್ದ ಗಂಡ. ಆಮೇಲೆ ಸ್ವಲ್ಪ ಹೊತ್ತಿಗೆ, "ರಜೆಗೆ ಮಗುನ ಊರಿಗೆ ಕರ್ಕೊಂಡು ಹೋಗ್ತೀನಿ." ಅಷ್ಟೆ. ಜಗಳವಿತ್ತು, ಬೆದರಿಕೆ ಇರಲಿಲ್ಲ.

ಆಗ ನನ್ನ ತಂಗಿ ಅತ್ತಿದ್ದನ್ನು ನಾನು ಹೇಗೆ ಬರೆಯಲಿ? "ಕೋರ್ಟಿನಲ್ಲಿ ಯಾರಿಗೆ ಕನ್ನಡ ಬರುತ್ತೆ ಸಾರ್? ಯಾರಿಗೆ ಈ ನಕ್ಷತ್ರ ಬರುತ್ತೆ? ಹಿಂದಿಯಲ್ಲಿ ಬರೆದುಕೊಟ್ರೆ ಜಡ್ಜ್ ಓದ್ಕೋತಾರೆ. ಯಾರಿಗೂ ಗೊತ್ತಾಗಲ್ಲ. ನನ್ನ ಮಗು ನನಗೆ ಸಿಗುತ್ತೆ."

"ನನಗೆ ಬರುತ್ತಲ್ಲಮ್ಮ," ಎಂದರು ವಕೀಲರು.

ಅಡುಗೆಮನೆಯಲ್ಲಿ ಹಾಲು ಉಕ್ಕಿತು, ಯಾರೂ ಏಳಲಿಲ್ಲ.

ವಕೀಲರೇ ಮೆಲ್ಲಗೆ ಹೇಳಿದರು. "ನೋಡು ತಾಯಿ, ನಾನು ಕೋರ್ಟಿನಲ್ಲಿ ಒಂದು ವಸ್ತು ಇಟ್ಟರೆ, ಜಡ್ಜ್ ಅದನ್ನ ನನ್ನ ಮುಖ ನೋಡಿ ಅರ್ಧ ನಂಬ್ತಾರೆ. ಸುಳ್ಳು ಅಂತ ಗೊತ್ತಿದ್ದೂ ಇಡೋಕೆ ನನಗೆ ಹಕ್ಕಿಲ್ಲ. ನಿನ್ನ ಪರವಾಗಿ ಗಂಟಲು ಹರಿಯೋ ಹಾಗೆ ವಾದ ಮಾಡ್ತೀನಿ, ಇದನ್ನ ಮಾತ್ರ ಇಡಲ್ಲ. ಬೇರೆ ವಕೀಲರು ಬೇಕು ಅಂದ್ರೆ ಫೈಲು ಕೊಡ್ತೀನಿ, ಬೇಜಾರಿಲ್ಲ. ಆದರೆ ಹೋದ ಸಲ ಕೇಳದೇನೇ ಇದೆ ಅಂತ ಹೇಳಿದೀನಲ್ಲ, ಆ ಮಾತನ್ನ ನಾನು ವಾಪಸ್ ತಗೊಂಡೇ ಹೋಗ್ಬೇಕು." ಎದ್ದು ಬಾಗಿಲ ತನಕ ಹೋಗಿ ಮತ್ತೆ ನಿಂತರು. "ಮಗು ಬೇಕು ಅಂತ ಆ ಮಗುವಿನ ಬಾಯಲ್ಲೇ ಸುಳ್ಳು ಸಾಕ್ಷಿ ಹೇಳಿಸಬೇಡ. ಅದು ಪಾಪ, ಎಷ್ಟು ಚೆನ್ನಾಗಿ ಪಾಠ ಒಪ್ಪಿಸ್ತಿದೆ."

ಬೇರೆ ವಕೀಲರನ್ನು ಹುಡುಕುವ ಮಾತು ಮನೆಯಲ್ಲಿ ಬಂತು. ನಮ್ಮೆಜಮಾನರು, "ಕೆಳಗಡೆ ಮನೆಯವರನ್ನ ಬಿಟ್ಟು ಬೇರೆಯವರ ಹತ್ರ ಹೋದ್ರೆ ಇನ್ನು ಮೆಟ್ಟಿಲು ಇಳಿಯೋದು ಹೇಗೆ?" ಎಂದರು. ಕಾರಣ ದೊಡ್ಡದಲ್ಲ, ಆದರೆ ದೇವರು ಕೆಲವು ಸಲ ಇಂಥ ಸಣ್ಣ ಸಂಕೋಚದ ಮೇಲೆಯೇ ನಮ್ಮನ್ನು ಸರಿದಾರಿಗೆ ತರುತ್ತಾನೆ. ತಂಗಿ ಮೂರು ದಿನ ಮಾತಾಡದೆ ಇದ್ದು, ನಾಲ್ಕನೇ ದಿನ, "ಅವರೇ ಇರಲಿ," ಎಂದಳು.

ಕೋರ್ಟಿನ ದಿನ ನಾನೂ ಹೋಗಿದ್ದೆ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು. ವಕೀಲರು ಎದ್ದು ನಿಂತು, ಧ್ವನಿಮುದ್ರಣದ ಬಗ್ಗೆ ಹೋದ ಸಲ ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ, ನಾವು ಅದನ್ನು ಆಧರಿಸುವುದಿಲ್ಲ ಎಂದರು. ಜಡ್ಜ್ ಯಾಕೆ ಎಂದು ಕೇಳಿದರು.

"ಕೇಳಿಸಿಕೊಳ್ಳದೆಯೇ ಹೇಳಿದೆ. ತಪ್ಪು ನನ್ನದು," ಎಂದರು. ನನ್ನ ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಹೆಸರಾಗಲಿ ನನ್ನ ಮೈದುನನ ಹೆಸರಾಗಲಿ ಬಾಯಿಗೆ ಬರಲಿಲ್ಲ. ಇಷ್ಟು ವರ್ಷದ ವಕೀಲಿಕೆಯಲ್ಲಿ ಇದನ್ನೂ ಕಲಿತಿಲ್ಲವೇ ಎನ್ನುವ ಹಾಗೆ ಜಡ್ಜ್ ಎರಡು ಮಾತು ಗದರಿಸಿದರು. ಬಿಳಿ ಕೂದಲಿನ ಆ ಮನುಷ್ಯ ತಲೆ ಬಗ್ಗಿಸಿ ಕೇಳಿಸಿಕೊಂಡರು.

ಎದುರು ವಕೀಲರು ಬಿಡುತ್ತಾರೆಯೇ? ನಗುತ್ತಾ ಎದ್ದರು, ಇದೆ ಎಂದ ಮೇಲೆ ತರಲೇಬೇಕು, ಎಲ್ಲರೂ ಕೇಳೋಣ ಎಂದು ಶುರು ಮಾಡಿದರು. ಅಷ್ಟರಲ್ಲಿ ಹಿಂದೆ ಕೂತಿದ್ದ ಅವಳ ಗಂಡ ತನ್ನ ವಕೀಲರ ಕೋಟಿನ ಚುಂಗು ಹಿಡಿದು ಎಳೆದ. "ಛೋಡಿಯೇ ಸರ್," ಬಿಟ್ಟುಬಿಡಿ ಎಂದ. ಅವನಿಗೆ ತಾನು ಏನು ಹೇಳಿದ್ದೆ, ಏನು ಹೇಳಿರಲಿಲ್ಲ ಎಂದು ಗೊತ್ತಿತ್ತಲ್ಲ. ಎಲ್ಲ ಅರ್ಥವಾಗಿಯೇ ಎಳೆದದ್ದು. ಆ ಕೈಯನ್ನು ನಾನು ಕಣ್ಣಾರೆ ನೋಡಿದೆ. ನನ್ನ ಜೀವಮಾನದಲ್ಲಿ ದೇವರು ತೋರಿಸಿದ ದಯೆಗಳಲ್ಲಿ ಅದನ್ನೂ ಸೇರಿಸಿಕೊಂಡಿದ್ದೇನೆ.

ಅವತ್ತು ಆರ್ಡರು ನಮ್ಮ ಕಡೆ ಆಗಲಿಲ್ಲ. ಮಗು ಸದ್ಯಕ್ಕೆ ಅಪ್ಪನ ಹತ್ತಿರ, ತಾಯಿಗೆ ಶನಿವಾರ ಸಂಜೆಯಿಂದ ಭಾನುವಾರ ಸಂಜೆ. ಹೊರಗೆ ಬೆಂಚಿನ ಮೇಲೆ ಕೂತು ವಕೀಲರು, "ಚಿತ್ರಾನ್ನ ತಂದಿದೀರಾ?" ಎಂದು ಕೇಳಿದರು. "ಇವರಿಗೆ ಗಂಟಲಲ್ಲಿ ಹೇಗಕ್ಕ ಇಳಿಯುತ್ತೆ?" ಎಂದು ತಂಗಿ ಅವರಿಗೆ ಕೇಳಿಸುವ ಹಾಗೆಯೇ ಅಂದಳು. ನಾನು ಡಬ್ಬಿ ಕೊಟ್ಟೆ. ಅವರು ಕಡಲೆಬೀಜ ಒಂದೊಂದೇ ಆರಿಸಿ ತಿಂದರು, ಅನ್ನ ಹಾಗೇ ಇತ್ತು. ನನ್ನ ಕೈಯ ಚಿತ್ರಾನ್ನವನ್ನು ಡಬ್ಬಿಯ ತಳ ಕಾಣುವವರೆಗೆ ಕೆರೆದು ತಿನ್ನುವ ಮನುಷ್ಯ ಅವರು.

"ಕೋಟು ಎಳೆದನಲ್ಲ, ನೋಡಿದ್ರಾ?" ಎಂದರು ನನಗೆ. "ಅವನ ಹತ್ರ ಇನ್ನೂ ಮಾತಾಡಬಹುದು. ಅಂಥವನ ಮೇಲೆ ಆ ಸಿ.ಡಿ. ಇಟ್ಟಿದ್ರೆ ಇನ್ನು ಜನ್ಮದಲ್ಲಿ ಮಾತಾಡೋ ಹಾಗಿರ್ಲಿಲ್ಲ."

ಕೇಸು ಬಿಡಲಿಲ್ಲ ಅವರು. ಬಸ್ಸಿನಲ್ಲಿ ಹೋಗಿ, ಚೀಲದಿಂದ ಕೋಟು ತೆಗೆದು, ವಾದ ಮಾಡಿ, ರಜೆಯಲ್ಲಿ ಅರ್ಧ ನಮಗೆ ಕೊಡಿಸಿದರು, ಹಬ್ಬ ಹಂಚಿಸಿದರು. ಮಗು ಪೂರ್ತಿ ನಮಗೆ ಸಿಗಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಪುಟ್ಟಿಗೆ ಇವತ್ತಿಗೂ ಎರಡು ಮನೆ, ಎರಡು ಹಲ್ಲುಜ್ಜುವ ಬ್ರಷ್ಷು. ಆದರೆ ಇಷ್ಟು ವರ್ಷದಲ್ಲಿ ಒಂದು ಶನಿವಾರವೂ ಅವಳಪ್ಪ ತಪ್ಪಿಸಲಿಲ್ಲ. ತಾನೇ ಸ್ಕೂಟರಿನಲ್ಲಿ ತಂದು ಕೆಳಗೆ ಬಿಟ್ಟು ಹಾರ್ನ್ ಮಾಡುತ್ತಾನೆ. ಮೊದಮೊದಲು ತಂಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಈಗ ಬಾಲ್ಕನಿಗೆ ಬಂದು, "ಜ್ವರ ಗಿರ ಏನಿಲ್ಲ ತಾನೇ?" ಎಂದು ಅವನನ್ನೇ ಕೇಳುತ್ತಾಳೆ.

ವಕೀಲರ ಹತ್ತಿರ ಮಾತ್ರ ಅವಳು ಮನಸ್ಸು ಬಿಚ್ಚಲಿಲ್ಲ. ಎದುರಿಗೆ ಸಿಕ್ಕರೆ ನಮಸ್ಕಾರ, ಅಷ್ಟೆ. ಅವರಿಗೂ ಗೊತ್ತಿತ್ತು. "ಅವಳ ಸಿಟ್ಟು ನ್ಯಾಯವಾಗಿದೆ ಕಣಮ್ಮ, ನಾನು ತಾಯಿಯಾಗಿದ್ರೆ ನನ್ನ ಮೇಲೆ ನಾನೂ ಸಿಟ್ಟು ಮಾಡ್ಕೋತಿದ್ದೆ," ಎಂದಿದ್ದರು ಒಮ್ಮೆ. ನೋಯ್ಡಾಕ್ಕೆ ಹೊರಟ ದಿನವೂ ಲಾರಿಯ ಹತ್ತಿರ ನಿಂತು ನಮ್ಮ ಬಾಲ್ಕನಿಯ ಕಡೆ ನೋಡಿದರು. ಅವಳು ಒಳಗೆ ಇಸ್ತ್ರಿ ಮಾಡುತ್ತಿದ್ದಳು, ಬರಲಿಲ್ಲ.

ಆ ಸಿ.ಡಿ.ಯನ್ನು ವಕೀಲರು ಅವತ್ತೇ ನಮಗೆ ಬಿಟ್ಟು ಹೋಗಿದ್ದರು, ನನ್ನ ಫೈಲಿನ ಹತ್ತಿರ ಇದು ಸುಳಿಯಬಾರದು ಎಂದು. ನಾನು ಅದಕ್ಕೆ ದಾರ ಕಟ್ಟಿ ಬಾಲ್ಕನಿಯಲ್ಲಿ ನೇತುಹಾಕಿದೆ. ಹೊಳೆಯುವುದನ್ನು ಕಂಡರೆ ಪಾರಿವಾಳ ಹತ್ತಿರ ಬರುವುದಿಲ್ಲವೆಂದು ಇಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ನಮ್ಮ ಪಾರಿವಾಳಗಳು ಒಂದು ವಾರ ಹೆದರಿದವು, ಆಮೇಲೆ ಅದರ ಪಕ್ಕದಲ್ಲೇ ಗೂಡು ಕಟ್ಟಿದವು.

ನೋಯ್ಡಾದ ಫೋನು ಇಟ್ಟವಳು ತಂಗಿಯ ಮೊಬೈಲಿಗೆ ಮಾಡಿದೆ. ಅವಳು ಓಖ್ಲಾದಲ್ಲಿ ಬಟ್ಟೆ ರಫ್ತಿನ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ, ಮಾಲು ಕಳಿಸುವ ಅವಸರವಿದೆ ಎಂದು ಭಾನುವಾರವೂ ಹೋಗಿದ್ದಳು. ಹೇಳಿದೆ. ಹಿಂದೆ ಹೊಲಿಗೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ಕೇಳಿಸ್ತಾ?" ಎಂದೆ.

"ಹ್ಞೂಂ. ಪುಟ್ಟಿ ಎದುರಿಗಿದಾಳಾ?"

"ಇಲ್ಲೇ ಇದಾಳೆ. ಕೆಳಗಡೆ ಅಂಕಲ್ಲಿಗೆ ಏನಾಯ್ತು ಅಂತ ಕೇಳಿದ್ಳು. ತೀರ್ಕೊಂಡ್ರು ಅಂದೆ. ಬೇರೇನೂ ಹೇಳಿಲ್ಲ."

"ಹೇಳ್ಬೇಡ ಅಕ್ಕ," ಎಂದಳು. ನನಗೆ ಒಳಗೇ ಬೇಸರವಾಯಿತು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು. "ನಾನು ಬರ್ತೀನಿ. ಪುಟ್ಟಿನೂ ಕರ್ಕೊಂಡು ನೋಯ್ಡಾಕ್ಕೆ ಹೋಗೋಣ. ದಾರೀಲಿ ನಾನೇ ಹೇಳ್ತೀನಿ ಅವಳಿಗೆ. ಎಲ್ಲಾ ಹೇಳ್ತೀನಿ, ಸಿ.ಡಿ.ದೂ ಸೇರಿ. ಸಂಜೆ ಅವಳಪ್ಪ ಕರ್ಕೊಂಡು ಹೋಗೋಕೆ ಬರ್ತಾರೆ. ತಡ ಆಗುತ್ತೆ ಅಂತ ಫೋನ್ ಮಾಡಿ ಹೇಳ್ತೀನಿ. ಬೇಡ ಅನ್ನಲ್ಲ ಅವರು."

ಬೇಡ ಅನ್ನಲ್ಲ ಅವರು. ಎಂಟು ವರ್ಷದ ಹಿಂದೆ ಈ ಮಾತು ಈ ಬಾಯಲ್ಲಿ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ದೇವರ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಸಾವಿನ ಸುದ್ದಿ ಕೇಳಿ ಬಂದವಳು, ಒಳಗೆ ಹೋಗಿ ದೀಪ ಮುಟ್ಟಲಿಲ್ಲ. ಹೊರಗಿನಿಂದಲೇ ದೇವರಿಗೆ ಹೇಳಿದೆ, ಪ್ರಸಾದದ ಹೊತ್ತಿಗೆ ಬರುವ ಮನುಷ್ಯ, ಬಾಗಿಲು ತೆರೆದಿಟ್ಟಿರು ಎಂದು.

ಬಾಲ್ಕನಿಗೆ ಬಂದರೆ ಎರಡು ಪಾರಿವಾಳ ಬೆಡ್‌ಶೀಟಿನ ಮೇಲೆ ಇಳಿದು ಬಟಾಣಿಗೆ ಬಾಯಿ ಹಾಕಿದ್ದವು. ಮೇಲೆ ಆ ಸಿ.ಡಿ. ಬಿಸಿಲಿಗೆ ತಿರುಗುತ್ತಿತ್ತು. "ಶೂ!" ಎಂದು ಓಡಿಸಿದೆ. ತಂಗಿ ಬರುವುದಕ್ಕೆ ಇನ್ನೂ ಒಂದು ಗಂಟೆ. ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಉಳಿದ ಬಟಾಣಿ ಬಿಡಿಸತೊಡಗಿದೆ.